ಮೊದಲು ನೀರಿಗೆ ಹಾಕಬೇಕು

“ಹಿಡ್ಕೊಳ್ರೀ” ಅನ್ನುವ ಒಂದು ಮಾತಿನ ಮೇಲೆ ನನಗೆ ಸಿಟ್ಟಿದೆ. ಮಂಡ್ಯದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನಾನು ನರ್ಸು. ವಾರ್ಡಿನ ತುದಿಗಿರುವ ಡ್ರೆಸ್ಸಿಂಗ್ ರೂಮಿನಲ್ಲಿ ಅತಿ ಹೆಚ್ಚು ಸಲ ಕೇಳಿಬರುತ್ತಿದ್ದದ್ದು ಯಾವ ಔಷಧಿಯ ಹೆಸರೂ ಅಲ್ಲ, ಈ ಮಾತು. ಮಗು ಒಳಗೆ ಬರುತ್ತದೆ, ಬಾಗಿಲು ಹಾಕುತ್ತೇವೆ, ಯಾರೋ “ಹಿಡ್ಕೊಳ್ರೀ” ಅನ್ನುತ್ತಾರೆ. ಒಬ್ಬರು ಕಾಲು, ಒಬ್ಬರು ಭುಜ, ಒಬ್ಬರು ತಲೆ ಅದುಮಿ ಹಿಡಿಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಹೊರಗೆ ಬೆಂಚಿನ ಮೇಲೆ ಕೂತ ಮಿಕ್ಕ ಮಕ್ಕಳು ಆ ಕಿರುಚಾಟ ಕೇಳಿಸಿಕೊಂಡು, ತಮ್ಮ ಸರದಿ ಬರುವ ಮುಂಚೆಯೇ ಅಳಲು ಶುರುಮಾಡುತ್ತವೆ. ಇದಕ್ಕೆ ನಾವು ಪದ್ಧತಿ ಎಂದು ಹೆಸರಿಟ್ಟುಕೊಂಡಿದ್ದೆವು.

ಆ ಹುಡುಗಿ ಬಂದದ್ದು ಮಳವಳ್ಳಿ ಕಡೆಯಿಂದ. ಐದು ವರ್ಷ. ಅಪ್ಪನದು ರಸ್ತೆ ಬದಿಯ ಪಂಕ್ಚರ್ ಅಂಗಡಿ. ಟ್ಯೂಬಿಗೆ ಪ್ಯಾಚು ಕೂರಿಸುವ ಕಬ್ಬಿಣದ ಪ್ಲೇಟು ಕರೆಂಟಿನಲ್ಲಿ ಕಾಯುತ್ತಿತ್ತು. ಅಪ್ಪ ಆಟೋ ಒಂದಕ್ಕೆ ಗಾಳಿ ಹೊಡೆಯಲು ಆಚೆ ಹೋಗಿದ್ದಾಗ ಇವಳು ಮೇಜು ಹತ್ತಲು ಹೋಗಿ, ಬಲಗೈಯನ್ನು ಸೀದಾ ಆ ಪ್ಲೇಟಿನ ಮೇಲೆ ಊರಿಬಿಟ್ಟಿದ್ದಳು. ಅಂಗೈ ಪೂರ್ತಿ, ಬೆರಳುಗಳ ಬುಡ ಎಲ್ಲ ಸುಟ್ಟಿತ್ತು. ತಾಯಿ ಆಗತಾನೇ ಹೆತ್ತು ಬಾಣಂತನದಲ್ಲಿದ್ದಳು. ಹಾಗಾಗಿ ಜೊತೆಗೆ ಬಂದು ಇದ್ದದ್ದು ಅಪ್ಪನ ತಾಯಿ, ಅಜ್ಜಿ.

ಮೊದಲ ಡ್ರೆಸ್ಸಿಂಗಿನಲ್ಲಿ ಅವಳ ಭುಜ ಹಿಡಿದವಳು ನಾನೇ. ಗಾಯಕ್ಕೆ ಹಾಕಿದ್ದ ಗಾಜ್ ಬಟ್ಟೆ ಒಣಗಿ ಚರ್ಮಕ್ಕೆ ಕಚ್ಚಿಕೊಂಡಿತ್ತು. ಅದನ್ನು ನೆನೆಸಿ ಬಿಡಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ, ಪುಸ್ತಕದಲ್ಲೂ ಇದೆ. ಆದರೆ ನೆನೆಯುವಷ್ಟು ಹೊತ್ತು ಕಿರುಚುವ ಮಗುವನ್ನು ಅದುಮಿ ಹಿಡಿದಿರಲು ಯಾರಿಗೆ ಆಗುತ್ತದೆ? ಹಾಗಾಗಿ ಒಂದಿಷ್ಟು ಸಲೈನ್ ಸುರಿದು ಎಳೆದುಬಿಡುವುದು. ಎಳೆದೆವು. ಹುಡುಗಿ ಕಿರುಚಿ ಕಿರುಚಿ ದನಿಯೇ ನಿಂತುಹೋಗಿ, ಟೇಬಲ್ಲಿನ ಮೇಲೇ ಉಚ್ಚೆ ಮಾಡಿಕೊಂಡಳು.

“ಮಕ್ಕಳು ಅಳೋದೇ ಕಣಮ್ಮ. ಆಚೆ ಹೋದ್ಮೇಲೆ ಮರ್ತೋಗ್ತವೆ” ಅಂದರು ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ರಿಟೈರ್‌ಮೆಂಟ್ ಹತ್ತಿರವಿದ್ದ ಅನುಭವಸ್ಥೆ. ಕೆಟ್ಟವರಲ್ಲ. ಹಾಸಿಗೆಗಿಂತ ಮಕ್ಕಳು ಜಾಸ್ತಿ, ಮಕ್ಕಳಿಗಿಂತ ಕೆಲಸ ಜಾಸ್ತಿ, ಕೈಗಳು ಮಾತ್ರ ಕಡಿಮೆ ಇರುವ ವಾರ್ಡನ್ನು ವರ್ಷಗಟ್ಟಲೆ ನಡೆಸಿದವರು.

ಆ ಹುಡುಗಿ ಮರೆಯಲಿಲ್ಲ. ಅಂದಿನಿಂದ ಮಾತು ನಿಲ್ಲಿಸಿದಳು. ಬಲಗೈಯನ್ನು ಬ್ಯಾಂಡೇಜಿನ ಸಮೇತ ಮುಷ್ಟಿ ಮಾಡಿ ಎದೆಗೆ ಅವುಚಿಕೊಂಡಳು. ಊಟಕ್ಕೂ ಬಿಡುತ್ತಿರಲಿಲ್ಲ, ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಬೆರಳು ಚಾಚಿಟ್ಟುಕೊಳ್ಳಲೆಂದು ಕಟ್ಟಿದ್ದ ಸ್ಪ್ಲಿಂಟನ್ನು ಹಲ್ಲಿನಲ್ಲಿ ಕಿತ್ತು ಹಾಕುತ್ತಿದ್ದಳು.

ರೌಂಡ್ಸಿಗೆ ಬಂದ ಸರ್ಜನ್ ಆ ಮುಷ್ಟಿ ನೋಡಿ ಮುಖ ಗಂಟಿಕ್ಕಿದರು. “ನೋಡಿ ಸಿಸ್ಟರ್, ಅಂಗೈ ಚರ್ಮ ವಾಸಿ ಆಗ್ತಾ ಆಗ್ತಾ ಮುದುಡಿಕೊಳ್ಳತ್ತೆ. ಈಗ ಬೆರಳು ಬಿಚ್ಚಿಸದೆ ಹೋದರೆ ಹೀಗೇ ಸೆಟೆದುಹೋಗತ್ತೆ. ಆಮೇಲೆ ಆಪರೇಷನ್ನು, ತೊಡೆ ಚರ್ಮ ತೆಗೆದು ಹಾಕೋದು. ಬಲಗೈ ಬೇರೆ.” ಇವಳು ಇನ್ನೂ ಪೆನ್ಸಿಲ್ಲೇ ಹಿಡಿದಿಲ್ಲ. ಹಾಗಾದರೆ ಈ ಮುಷ್ಟಿಯನ್ನು ಕಟ್ಟಿಸಿದವರು ಯಾರು? ಬೆಂಕಿಯಲ್ಲ, ನಾವು. ನನಗೆ ಆಗ ಬಂದ ಕೋಪ ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ಅಂದಿನಿಂದ ಅವಳನ್ನು ಒಲಿಸುವ ಕಸರತ್ತು ಶುರುಮಾಡಿದೆ. ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಟ್ಟೆ. ಎಡಗೈಯಲ್ಲಿ ತಳ್ಳಿದಳು, ಫೋನು ಮಂಚದ ಕೆಳಗೆ ಹೋಯಿತು. ಗ್ಲೌಸಿಗೆ ಗಾಳಿ ಊದಿ ಕಣ್ಣು ಮೂಗು ಬರೆದು ಕೋಳಿ ಮಾಡಿದೆ. ಪಕ್ಕದ ಮಂಚದ ಮಗು ನಕ್ಕಿತೇ ಹೊರತು ಇವಳು ಗೋಡೆ ಕಡೆ ತಿರುಗಿದಳು. ನಾನಿರುವ ಭಾರತೀನಗರದಲ್ಲಿ ಬೆಳಿಗ್ಗೆ ಬಸ್ಸು ಹತ್ತುವಾಗ ಅಂಗಡಿಯಲ್ಲಿ ಒಂದು ಬಟ್ಟೆ ಗೊಂಬೆ ತಂದೆ. ಅದು ಅವಳ ತಲೆದಿಂಬಿನ ಹತ್ತಿರ ಸುಮ್ಮನೆ ಬಿದ್ದಿತ್ತು.

ಜೊತೆಗೆ ಅಜ್ಜಿಯದೊಂದು ಕಾಟ. ನಮ್ಮ ಕಡೆ ಮಕ್ಕಳನ್ನು ಹೆದರಿಸಲು ಗುಮ್ಮ ಬೇಕಿಲ್ಲ, ಆಸ್ಪತ್ರೆ ಸಾಕು. “ಉಣ್ಣು, ಇಲ್ದಿದ್ರೆ ಈ ಸಿಸ್ಟ್ರು ಸೂಜಿ ಚುಚ್ಚುಬುಡ್ತಾಳೆ ನೋಡು” ಎಂದು ಆಕೆ ನನ್ನತ್ತ ಬೆರಳು ತೋರಿಸಿದರು. ನನಗೆ ತಡೆಯಲಾಗಲಿಲ್ಲ.

“ಅಜ್ಜಿ, ಇನ್ನೊಂದ್ಸಲ ನನ್ನ ತೋರ್ಸಿ ಆ ಮಾತಾಡುದ್ರೆ ನಿಮ್ಮನ್ನ ಆಚೆ ಕೂರುಸ್ತೀನಿ” ಅಂದೆ.

“ಅಯ್ಯೋ, ಬಾಯ್ಮಾತ್ಗೆ ಅಂದೆ ಬುಡವ್ವ. ನೀನೇನ್ ಚುಚ್ಚುಬುಟ್ಟಿಯಾ?”

“ನಿಮಗೆ ಬಾಯ್ಮಾತು. ಆ ಮಗಾ ನಿಜ ಅನ್ಕತದೆ.”

ಮಿಕ್ಕವರೆಲ್ಲ ಇನ್ನೊಂದು ಸುಳ್ಳು ಹೇಳುತ್ತಿದ್ದರು: ನೋಯಲ್ಲ ಪುಟ್ಟಿ, ಏನೂ ಆಗಲ್ಲ ಪುಟ್ಟಿ. ಎರಡನೇ ಡ್ರೆಸ್ಸಿಂಗೂ ಮೊದಲಿನ ಹಾಗೇ ಆಯಿತು. ಅಂದು ಅವಳ ಕೈ ಹಿಡಿದವರಿಗೆ ಅವಳ ಹಲ್ಲಿನ ಗುರುತು ಉಳಿಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ನಾನೊಂದು ದೃಶ್ಯ ಕಂಡೆ. ಅಜ್ಜಿ ಕಾಫಿಗೆ ಹೋಗಿದ್ದರು. ಹುಡುಗಿ ಮಂಚ ಇಳಿದು ಕಾರಿಡಾರಿನಲ್ಲಿ ನಿಂತಿದ್ದ ಹಳೆಯ ವ್ಹೀಲ್‌ಚೇರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಎಡಗೈ ಹೆಬ್ಬೆರಳಿನಿಂದ ಅದರ ಟೈರನ್ನು ಒತ್ತಿದಳು. ಸ್ವಲ್ಪ ಸರಿದು ಮತ್ತೆ ಒತ್ತಿದಳು. ಆಮೇಲೆ ಬಗ್ಗಿ ಟೈರಿಗೆ ಕಿವಿ ಕೊಟ್ಟಳು. ನಾನು ಕಂಬದ ಮರೆಯಲ್ಲಿ ನಿಂತೆ. “ಗಾಳಿ ಇಲ್ಲ” ಅಂದಳು ತನಗೆ ತಾನೇ. ಅಷ್ಟು ದಿನದಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು.

ಅಜ್ಜಿ ಬಂದ ಮೇಲೆ ಅಂಗಡಿಯ ಬಗ್ಗೆ ಕೇಳಿದೆ. ಆಕೆ ಗಾಬರಿಯಾಗಿ ನನ್ನ ಬಾಯಿಗೇ ಕೈ ಅಡ್ಡ ಹಿಡಿದರು. “ಅಂಗ್ಡಿ ಸುದ್ದಿ ಎತ್ಬೇಡ ಕಣವ್ವ, ನಿನ್ ದಮ್ಮಯ್ಯ. ಅಲ್ಲೇ ಅಲ್ವಾ ಸುಟ್ಕಂಡದ್ದು? ಅವಳಪ್ಪಂಗೂ ಏಳಿವ್ನಿ, ಒಳಿಕ್ಕೆ ಬರ್ಬೇಡ ಅಂತ. ಗೇಟ್ತಾವೇ ನಿಂತ್ಕಂಡು ಓಯ್ತನೆ ಪಾಪ.”

ನಾನು ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಕಬ್ಬಿನ ಲಾರಿಗಳ ಹಿಂದೆ ಆಮೆಯಂತೆ ತೆವಳುತ್ತಾ ಇದನ್ನೇ ಯೋಚಿಸಿದೆ. ಎಲ್ಲರೂ ಸೇರಿ ಅವಳಿಂದ ಅಂಗಡಿ ಕಿತ್ತುಕೊಂಡಿದ್ದಾರೆ, ಅಪ್ಪನನ್ನು ಕಿತ್ತುಕೊಂಡಿದ್ದಾರೆ, ಬದಲಿಗೆ ನಾನು ಕಾರ್ಟೂನು ಕೊಟ್ಟಿದ್ದೇನೆ. ಅವಳು ಮಾತ್ರ ಕಾರಿಡಾರಿನಲ್ಲಿ ಟೈರು ಹುಡುಕಿಕೊಂಡು ಹೋಗುತ್ತಿದ್ದಾಳೆ. ಮದ್ದೂರು ರಸ್ತೆಯ ಒಂದು ಪಂಕ್ಚರ್ ಅಂಗಡಿಯ ಮುಂದೆ ಬಸ್ಸು ನಿಂತಾಗ ಕಿಟಕಿಯಿಂದ ನೋಡಿದೆ. ಅಲ್ಲಿಯವನು ಟ್ಯೂಬು ಹಿಡಿದುಕೊಂಡು ಏನೋ ಮಾಡುತ್ತಿದ್ದ. ಸರಿಯಾಗಿ ಗಮನಿಸುವಷ್ಟರಲ್ಲಿ ಬಸ್ಸು ಹೊರಟಿತು.

ಮೂರನೇ ಡ್ರೆಸ್ಸಿಂಗಿನ ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಬಳಿ ಹೋಗಿ ಹೇಳಿದೆ. ಇವತ್ತು ನೋವಿನ ಸಿರಪ್ಪನ್ನು ಮುಂಚಿತವಾಗಿ ಕೊಡುತ್ತೇನೆ, ಅದು ಹತ್ತುವವರೆಗೆ ಕಾಯುತ್ತೇನೆ, ಅವಳ ಜೊತೆ ಆಡುತ್ತೇನೆ, ಆಮೇಲೆ ಡ್ರೆಸ್ಸಿಂಗ್. ಯಾರೂ ಹಿಡಿಯುವ ಹಾಗಿಲ್ಲ.

“ಆಡೋಕೆ ಇದೇನು ಅಂಗನವಾಡಿನಾ? ಹೊರಗಡೆ ಲೈನ್ ನೋಡಿದ್ಯಾ?”

“ನೋಡಿದೀನಿ ಮೇಡಂ. ಇವಳನ್ನ ಕೊನೇಲಿ ಮಾಡ್ತೀನಿ, ನನ್ನ ಊಟದ ಟೈಮಲ್ಲಿ.”

“ಅವಳು ಒದ್ದಾಡಿ ಗಾಯ ಇನ್ನೂ ಹೆಚ್ಚಾದ್ರೆ?”

“ಆಗಲೂ ನಾನು ಹಿಡ್ಕೊಳ್ಳಲ್ಲ.”

ನಾನು ಗುತ್ತಿಗೆಯ ಮೇಲಿರುವವಳು. ನಾಳೆಯಿಂದ ಬರಬೇಡ ಅಂದರೆ ಮಾತಾಡುವಂತಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ವಿಷಯ ಸರ್ಜನ್ ತನಕ ಹೋಯಿತು. ಅವರು ನನ್ನನ್ನು ಕರೆದು ಕೇಳಿಸಿಕೊಂಡರು. ಸಿರಪ್ಪಿನ ಪ್ರಮಾಣ ತಾವೇ ಬರೆದುಕೊಟ್ಟು, “ಇವತ್ತೊಂದು ದಿನ ನೋಡಿ. ಆಗದಿದ್ದರೆ ಪ್ರತಿ ಸಲ ಆಪರೇಷನ್ ಥಿಯೇಟರಿಗೆ ತಗೊಂಡು ಹೋಗಿ ಅರಿವಳಿಕೆ ಕೊಟ್ಟೇ ಮಾಡಬೇಕು. ಪ್ರತಿ ಸಲ ಬೆಳಗಿನಿಂದ ಉಪವಾಸ. ಈ ಮಗುಗೆ ಅದೂ ಕಷ್ಟವೇ” ಅಂದರು.

ಸಿರಪ್ ಕುಡಿಸಿ, ಮಂಚದ ಮೇಲೆ ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ಬಟ್ಟೆ ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅಜ್ಜಿ ಪಕ್ಕದಲ್ಲೇ ಕಣ್ಣರಳಿಸಿ ಕೂತಿದ್ದರು. ನಾನು ಗೊಂಬೆಯ ಕೈ ಎತ್ತಿ, “ಅಯ್ಯೋ, ಇದು ಪಂಚರ್ ಆಗದೆ” ಅಂದೆ.

ಅಜ್ಜಿ ಎದೆ ಮುಟ್ಟಿಕೊಂಡರು. ಹುಡುಗಿ ಗೋಡೆ ಕಡೆಯಿಂದ ತಿರುಗಲಿಲ್ಲ. ಆದರೆ ಅವಳ ಬೆನ್ನು ನೆಟ್ಟಗಾಯಿತು.

ನಾನು ಒಂದು ತುಂಡು ಪ್ಲಾಸ್ಟರ್ ಕತ್ತರಿಸಿ ಗೊಂಬೆಯ ಕೈಗೆ ಅಂಟಿಸಿದೆ. “ಆಯ್ತು. ಪ್ಯಾಚ್ ಹಾಕಾಯ್ತು, ಗಾಡಿ ರೆಡಿ.”

ಹುಡುಗಿ ಗಕ್ಕನೆ ತಿರುಗಿದಳು. ಅವಳ ಮುಖದಲ್ಲಿ ಭಯ ಇರಲಿಲ್ಲ, ತಾತ್ಸಾರ ಇತ್ತು. “ಅಂಗಲ್ಲ!” ಅಂದಳು.

“ಮತ್ತೆಂಗೆ?”

“ಮೊದ್ಲು ನೀರ್ಗೆ ಆಕ್ಬೇಕು. ಎಲ್ಲಿ ಗುಳ್ಳೆ ಬತ್ತದೆ ಅಂತ ನೋಡ್ಬೇಕು. ಆಮೇಲೆ ಉಜ್ಬೇಕು, ಸಲೂಸನ್ ಅಚ್ಬೇಕು, ಆಮೇಲೆ ಪ್ಯಾಚು. ನಿಂಗೆ ಬರಲ್ಲ.”

ಒಣಗಿದ ಗಾಜ್ ಬಟ್ಟೆಯನ್ನು ಎಳೆಯುವ ಮುಂಚೆ ನಾವು ಏನು ಮಾಡಬೇಕಿತ್ತೋ, ಯಾವುದಕ್ಕೆ ನಮಗೆ ಪುರುಸೊತ್ತು ಸಿಗುತ್ತಿರಲಿಲ್ಲವೋ, ಅದನ್ನೇ ಇವಳು ಮೊದಲು ಮಾಡು ಅನ್ನುತ್ತಿದ್ದಾಳೆ.

“ನಂಗೆ ಬರಲ್ಲ ಮೇಸ್ತ್ರಿ. ನೀನೇ ಹೇಳ್ಕೊಡ್ತೀಯಾ?” ಅಂದೆ.

ಮೇಸ್ತ್ರಿ ಅಂದದ್ದಕ್ಕೆ ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಕುದಿಸಿ ಶುದ್ಧ ಮಾಡಿದ ದೊಡ್ಡ ಸ್ಟೀಲ್ ಬೋಗುಣಿಗೆ ಬೆಚ್ಚನೆಯ ಸಲೈನ್ ಸುರಿದು ಡ್ರೆಸ್ಸಿಂಗ್ ರೂಮಿನ ನೆಲದ ಮೇಲಿಟ್ಟೆ. ಹೌದು, ಟೇಬಲ್ಲಿನ ಮೇಲಲ್ಲ. ಆ ಟೇಬಲ್ ಕಂಡರೆ ಅವಳಿಗೆ ನಡುಕ. ನೆಲಕ್ಕೆ ಶುಭ್ರವಾದ ಬಟ್ಟೆ ಹಾಸಿದೆ. ಅಂಗಡಿಯಲ್ಲೂ ಅವಳು ಕೂರುತ್ತಿದ್ದದ್ದು ನೆಲದ ಮೇಲೇ. ಮೊದಲೇ ನಿಜ ಹೇಳಿದೆ: “ನೋಯ್ತದೆ ಮೇಸ್ತ್ರಿ. ಸ್ವಲ್ಪ ನೋಯ್ತದೆ. ನೀನು ‘ನಿಲ್ಸು’ ಅಂದ್ರೆ ನಾನು ನಿಲ್ಸ್ತೀನಿ.”

“ಸತ್ಯ?”

“ಸತ್ಯ.”

ಮೇಲಿನ ಬ್ಯಾಂಡೇಜ್ ಸುತ್ತು ಬಿಚ್ಚುತ್ತಾ ಬಂದೆ. ಅವಳು ಮುಷ್ಟಿಯನ್ನು ತಾನೇ ನೀರಿಗಿಳಿಸಿದಳು. ಇಬ್ಬರೂ ಬಗ್ಗಿ ನೋಡಿದೆವು. ಗಾಜ್ ಬಟ್ಟೆಯ ಎಳೆಗಳ ಸಂದಿಯಿಂದ ಒಂದೊಂದೇ ಸಣ್ಣ ಗುಳ್ಳೆ ಮೇಲೆ ಬಂತು. “ಬಂತು! ಇಲ್ಲೊಂದು!” ಎಂದು ಕೂಗಿದಳು. ಗುಳ್ಳೆ ಹುಡುಕುವ ಭರದಲ್ಲಿ ಕೈ ನೀರಿನಲ್ಲಿ ಎಷ್ಟು ಹೊತ್ತು ನೆನೆಯಿತೋ ಅವಳಿಗೆ ಗೊತ್ತಾಗಲಿಲ್ಲ. ಬಟ್ಟೆಯ ಅಂಚು ಮೆತ್ತಗಾಗಿ ತೇಲತೊಡಗಿತು. ನಾನು ಇಕ್ಕಳದಿಂದ ಒಂದು ತುದಿ ಹಿಡಿದು ನಿಧಾನಕ್ಕೆ ಬಿಡಿಸಿದೆ. ಅರ್ಧ ಸಲೀಸಾಗಿ ಬಂತು. ನಡುಬೆರಳಿನ ಬುಡದಲ್ಲಿ ಕಚ್ಚಿಕೊಂಡಿತ್ತು.

“ನಿಲ್ಸು!”

ನಿಲ್ಲಿಸಿದೆ. ಅಷ್ಟು ಹೊತ್ತಿಗೆ ಇನ್‌ಚಾರ್ಜ್ ಸಿಸ್ಟರ್ ಬಾಗಿಲಲ್ಲಿ ಬಂದು ನಿಂತಿದ್ದರು. “ಇನ್ನೇನು ಒಂದಿಷ್ಟು ಉಳಿದಿದೆ, ಎಳೆದುಬಿಡಮ್ಮ. ಅವಳು ಅಳೋದು ಒಂದೇ ಕ್ಷಣ” ಅಂದರು.

ಅವರು ಹೇಳಿದ್ದು ನಿಜ, ಒಂದೇ ಕ್ಷಣದ ಕೆಲಸ. ನನ್ನ ಕೈಯಲ್ಲಿ ಇಕ್ಕಳ ಇತ್ತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇಕ್ಕಳವನ್ನು ಟ್ರೇ ಒಳಗೆ ಹಾಕಿ, ಎರಡೂ ಕೈ ಮೇಲೆತ್ತಿದೆ. “ಮೇಸ್ತ್ರಿ ನಿಲ್ಸು ಅಂದವ್ರೆ ಮೇಡಂ. ನಾನು ಎಳೆಯಲ್ಲ” ಅಂದೆ.

ಸಿಸ್ಟರ್ ಏನೋ ಗೊಣಗಿಕೊಂಡು ಹೋದರು. ಹುಡುಗಿ ಸ್ವಲ್ಪ ಹೊತ್ತು ಬಿಕ್ಕಿದಳು. ನಾನು ಬೆಚ್ಚನೆಯ ಸಲೈನನ್ನು ಇನ್ನೊಂದಿಷ್ಟು ಸುರಿದೆ, ಸುಮ್ಮನೆ ಕೂತೆ. ಆಮೇಲೆ ಅವಳು, ತಾನೇ ಬಿಡಿಸುತ್ತೇನೆ ಅನ್ನುವಂತೆ ನನ್ನ ಕಡೆ ಎಡಗೈ ಚಾಚಿದಳು. ಆ ಕೈಯನ್ನು ಸೋಪಿನಲ್ಲಿ ತಿಕ್ಕಿ ತೊಳೆದು ಕೊಟ್ಟೆ. ಮೂಗು ಸೊರಗುಟ್ಟಿಸುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಆ ಕೊನೆಯ ತುಂಡು ಬಟ್ಟೆಯನ್ನು ಅವಳೇ ಎಳೆಎಳೆಯಾಗಿ ಬಿಡಿಸಿದಳು. ರಕ್ತ ಬರಲಿಲ್ಲ. ಮುಲಾಮನ್ನು ಪ್ಯಾಚು ಅಂಟಿಸುವ ಸಲೂಷನ್ ಅಂದೆವು, ಹೊಸ ಗಾಜ್ ಬಟ್ಟೆಯನ್ನು ಪ್ಯಾಚು ಅಂದೆವು. ಉಜ್ಜುವುದು ಮಾತ್ರ ಈ ಟ್ಯೂಬಿಗೆ ಬೇಡ ಎಂದು ನಾನು ಕೇಳಿಕೊಂಡೆ. ಅವಳು ಯೋಚಿಸಿ ಒಪ್ಪಿದಳು.

ಆಮೇಲಿನ ಡ್ರೆಸ್ಸಿಂಗುಗಳೆಲ್ಲ ಹೀಗೇ ನಡೆದವು. ಕೆಲವು ದಿನ ಅತ್ತಳು, ಒಂದು ದಿನ ಬೋಗುಣಿಯನ್ನೇ ಒದ್ದಳು. ಆದರೆ ಯಾರೂ ಹಿಡಿಯಲಿಲ್ಲ. ಗಾಯ ಕೆಂಪಾಗಿ, ಶುಭ್ರವಾಗಿ ತುಂಬಿಕೊಂಡು ಬಂತು. ಬೆರಳು ಮಾತ್ರ ಬಿಚ್ಚಲಿಲ್ಲ. ಫಿಸಿಯೋಥೆರಪಿಯವರು ಬಂದರೆ ಮುಷ್ಟಿ ಮತ್ತೆ ಎದೆಗೆ ಹೋಗುತ್ತಿತ್ತು. ಸರ್ಜನ್ ಮುಖದ ಗಂಟು ಸಡಿಲವಾಗಲಿಲ್ಲ. ಮೇಸ್ತ್ರಿಯ ಅಂಗಡಿಯಲ್ಲಿ ಏನೋ ಕಮ್ಮಿ ಇತ್ತು, ಅದು ಏನೆಂದು ನನಗೆ ಗೊತ್ತಿತ್ತು.

ಡ್ಯೂಟಿ ಮುಗಿಸಿ ಸೀದಾ ಗೇಟಿನ ಹತ್ತಿರ ಹೋದೆ. ಬೈಕುಗಳ ನಡುವೆ ಕೈಗೆಲ್ಲ ಕಪ್ಪು ಮೆತ್ತಿಕೊಂಡ ಒಬ್ಬ ನಿಂತಿದ್ದ. ಕೇಳುವ ಅಗತ್ಯವೇ ಇರಲಿಲ್ಲ.

“ಒಳಿಕ್ಕೆ ಬರಲ್ವೇನಣ್ಣ?”

“ಯಾವ್ ಮಕ ಇಟ್ಕಂಡ್ ಬರ್ಲಿ ಸಿಸ್ಟ್ರೇ? ನನ್ನ ನೋಡುದ್ರೆ ಅವ್ಳಿಗೆ ಅದೇ ಗ್ಯಾಪ್ನ ಬತ್ತದೆ.”

“ಅವಳು ಅಂಗ್ಡಿ ಆಟನೇ ಆಡ್ತಾವ್ಳೆ, ಗೊತ್ತಾ ನಿಮ್ಗೆ? ಗಿರಾಕಿ ನಾನೊಬ್ಳೇ. ನೀವು ಅವ್ಳನ್ನ ಬುಟ್ಟೋಗಿದೀರ ಅನ್ಕಂಡವ್ಳೆ. ನಿಮ್ಗೆ ನಾಚ್ಕೆ ಆಯ್ತದೆ ಅಂತ ಮಗಿನ ಕೈ ಸೊಟ್ಟಗಾಗ್ಬೇಕಾ?”

ನಾನು ಮಾತಾಡಿದ್ದು ಒರಟಾಯಿತು ಎಂದು ಬಸ್ಸಿನಲ್ಲಿ ಅನ್ನಿಸಿತು. ಆದರೂ ಮಾರನೆಯ ದಿನ ಆತ ಬಂದ. ಉಗುರಿನ ಸಂದಿಯವರೆಗೆ ಸೋಪು ಹಾಕಿ ಕೈ ತಿಕ್ಕಿಕೊಂಡಿದ್ದ. ಗೇಟಿನ ಹತ್ತಿರ ನಾನು ಹೇಳಿದ್ದಂತೆ ಬಳಸದ ಹೊಸ ಸೈಕಲ್ ಟ್ಯೂಬ್ ಒಂದನ್ನು ತಂದಿದ್ದ. ಅದನ್ನು ನಾನು ತೊಳೆದು ಸ್ಪಿರಿಟ್ಟಿನಲ್ಲಿ ಒರೆಸಿದೆ, ಆತ ಕೈಪಂಪಿನಿಂದ ಗಾಳಿ ತುಂಬಿದ.

ಹುಡುಗಿ ಬೋಗುಣಿಯ ಮುಂದೆ ಕೂತಿದ್ದಳು. ಬಾಗಿಲಲ್ಲಿ ಅಪ್ಪನನ್ನು ಕಂಡು, ಅವನ ಕೈಯಲ್ಲಿದ್ದ ಟ್ಯೂಬನ್ನು ನೋಡಿದಳು. ಅಜ್ಜಿ ಏನೋ ಹೇಳಲು ಬಾಯಿ ತೆರೆದರು, ನಾನು ಕಣ್ಣಲ್ಲೇ ತಡೆದೆ. ಕೊನೆಗೆ ಅವಳೇ ಕೇಳಿದಳು: “ಏನು, ಪಂಚರ್ರಾ?”

ಅಪ್ಪ ಟ್ಯೂಬನ್ನು ಎತ್ತಿ ತೋರಿಸಿದ. “ಊಂ ಮೇಸ್ತ್ರಿ. ಮದ್ದೂರಿಂದ ತಳ್ಕಂಡ್ ಬಂದಿವ್ನಿ.”

“ಇಲ್ಲಿ ಮಡಗು.” ಆತ ಟ್ಯೂಬನ್ನು ಕೊಡಲು ಮುಂದೆ ಬಂದ. ಅವಳು ಥಟ್ಟನೆ ಎಡಗೈ ಅಡ್ಡ ಹಿಡಿದಳು. “ಅಲ್ಲೇ ನಿಂತ್ಕೋ! ಅಲ್ಲಿ ಪ್ಲೇಟು ಬಿಸಿ ಅದೆ. ನೀನು ಮುಟ್ಬೇಡ ಅಪ್ಪ, ಸುಟ್ಟೋಯ್ತದೆ.”

ಅಲ್ಲಿ ಯಾವ ಪ್ಲೇಟೂ ಇರಲಿಲ್ಲ, ಬರೀ ನೆಲ ಇತ್ತು. ಆ ಮನುಷ್ಯ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ಅತ್ತುಬಿಟ್ಟ. ನನಗೂ ಅಳು ಬಂತು. ಅವಳಿಗೆ ನಮ್ಮಿಬ್ಬರ ಕಡೆ ನೋಡಲು ಪುರುಸೊತ್ತಿರಲಿಲ್ಲ. ಟ್ಯೂಬನ್ನು ಎಳೆದುಕೊಂಡು ನೀರಿಗೆ ಅದುಮಲು ನೋಡಿದಳು. ಗಾಳಿ ತುಂಬಿದ ಟ್ಯೂಬು ಒಂದು ಕೈಗೆ ಬಗ್ಗುವುದೇ? ಈ ಕಡೆ ಅದುಮಿದರೆ ಆ ಕಡೆ ಪುಟಿದು ಮೇಲೆ ಬಂತು. ಇನ್ನೊಂದು ಸಲ ಅದುಮಿದಳು, ಮತ್ತೆ ಪುಟಿಯಿತು.

“ಎಲ್ಡೂ ಕೈ ಆಕ್ಬೇಕು ಮೇಸ್ತ್ರಿ” ಅಂದ ಅಪ್ಪ, ನಿಂತಲ್ಲಿಂದಲೇ. “ಅಗಲುಸ್ಕಂಡು ಒತ್ಬೇಕು.”

ಅವಳು ಎದೆಯಿಂದ ಬಲಗೈ ತೆಗೆದಳು. ಮುಷ್ಟಿ ನೀರಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಒಂದೊಂದೇ ಬೆರಳು, ನೋವಿಗೆ ಮುಖ ಕಿವುಚುತ್ತಾ ಕಿವುಚುತ್ತಾ ಬಿಚ್ಚಿಕೊಂಡವು. ಪೂರ್ತಿ ಅಲ್ಲ, ಟ್ಯೂಬನ್ನು ತಬ್ಬುವಷ್ಟು. ಎರಡೂ ಕೈ ಊರಿ ಟ್ಯೂಬನ್ನು ನೀರಿಗೆ ಅದುಮಿದಳು. ನೀರು ಬೋಗುಣಿಯಿಂದ ಉಕ್ಕಿ ನನ್ನ ಸಮವಸ್ತ್ರವೆಲ್ಲ ಒದ್ದೆಯಾಯಿತು. “ಪಂಚರ್ರೇ ಇಲ್ಲ ಕಣಪ್ಪ ಇದು. ಸುಮ್ನೆ ತಳ್ಕಂಡ್ ಬಂದಿದ್ಯಾ” ಎಂದು ಬೈದಳು. ಇನ್‌ಚಾರ್ಜ್ ಸಿಸ್ಟರ್ ಹಿಂದಿನಿಂದ ಬಂದು ಅವಳ ಕೈಯನ್ನೇ ಬಹಳ ಹೊತ್ತು ನೋಡಿದರು. “ನೀರು ಚೆಲ್ಲಿದೆ, ಯಾರಾದ್ರೂ ಜಾರ್ತಾರೆ, ಒರೆಸಿಬಿಡಮ್ಮ” ಎಂದಷ್ಟೇ ಹೇಳಿ ಹೋದರು.

ಅಂದಿನಿಂದ ಫಿಸಿಯೋಥೆರಪಿ ಅಪ್ಪನ ಪಾಲಾಯಿತು. ದಿನಾ ಒಂದು ಗಾಡಿ ಕೆಟ್ಟು ಬರುತ್ತಿತ್ತು. ಈಗ ಅವಳ ಅಂಗೈ ಮುಚ್ಚಿಕೊಂಡಿದೆ. ಕಿರುಬೆರಳು ಸ್ವಲ್ಪ ಡೊಂಕು ಉಳಿದಿದೆ. ಸರ್ಜನ್ ಸದ್ಯಕ್ಕೆ ಆಪರೇಷನ್ ಬೇಡ ಅಂದಿದ್ದಾರೆ. ತಪಾಸಣೆಗೆ ಬಂದಾಗ ಬಲಗೈ ನನ್ನ ಮುಂದೆ ಚಾಚಿ, ವಾರ್ಡಿನ ವ್ಹೀಲ್‌ಚೇರಿಗೆ ಇನ್ನೂ ಗಾಳಿ ಹಾಕಿಸಿಲ್ಲವೇ ಎಂದು ಗದರಿದಳು.

ನಮ್ಮ ವಾರ್ಡೇನೂ ಪೂರ್ತಿ ಬದಲಾಗಿಲ್ಲ. ಜೀವಕ್ಕೇ ಬಂದಾಗ ಹಿಡಿಯಬೇಕಾಗುತ್ತದೆ, ಹಿಡಿಯುತ್ತೇವೆ. ಆದರೆ ಅವಸರಕ್ಕೂ ಅಭ್ಯಾಸಕ್ಕೂ ನನ್ನ ಕೈ ಸಿಗುವುದಿಲ್ಲ. ನನ್ನ ಬೆನ್ನ ಹಿಂದೆ ಕೆಲವರು ಆಟದ ಸಿಸ್ಟರ್ ಅಂತಾರೆ. ಅನ್ನಲಿ. ಗುತ್ತಿಗೆ ಯಾವಾಗ ಮುಗಿಯುತ್ತದೋ ನೋಡೋಣ. ಮೊನ್ನೆ ಕಾಲಿಗೆ ಸಾರು ಚೆಲ್ಲಿಕೊಂಡ ಒಂದು ಮಗು ಡ್ರೆಸ್ಸಿಂಗಿಗೆ ಬಂತು. ಹೊರಗೆ ಬೆಂಚು ತುಂಬಿತ್ತು. ಇನ್‌ಚಾರ್ಜ್ ಸಿಸ್ಟರ್ ರೂಢಿಬಲದಿಂದ “ಹಿಡ್ಕೊಳ್ರೀ” ಅಂದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

“ಅಂಗಲ್ಲ ಮೇಡಂ” ಅಂದೆ. “ಮೊದ್ಲು ನೀರಿಗೆ ಹಾಕ್ಬೇಕು.”

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಬಗ್ಗಿ, ಬೋಗುಣಿಯನ್ನು ತಾವೇ ನೆಲಕ್ಕಿಟ್ಟರು.